ಐಹೊಳೆಯಿಂದ ಹೊರಟು ಜಗತ್ತಿಗೊಂದು ಸುತ್ತು: ಬೇಕಿರುವುದು 4,000 ಪುಟ

ಭೂಮಧ್ಯರೇಖೆಯ ಸುತ್ತಳತೆ ಸುಮಾರು 40,000 ಕಿ.ಮೀ. ಒಂದು ಪುಟಕ್ಕೆ 10 ಕಿ.ಮೀ. ಎಂದು ಲೆಕ್ಕ ಹಿಡಿದರೆ, 4,000 ಪುಟ ಓದಿದ ತರಗತಿ ಭೂಮಿಯನ್ನೇ ಸುತ್ತಿ ಬಂದಂತೆ. 16 ಪುಟದ ಮಕ್ಕಳ ಪುಸ್ತಕವಾದರೆ 250. ಮೂವತ್ತು ಮಕ್ಕಳಿದ್ದರೆ ತಲಾ ಎಂಟೊಂಬತ್ತು. ಜುಲೈನಲ್ಲಿ ಹೊರಟರೆ, ದಸರಾ ರಜೆ ಕಳೆದೂ, ನವೆಂಬರ್ 14ರ ಮಕ್ಕಳ ದಿನಾಚರಣೆಗೆ ಮುಟ್ಟಬಹುದು.

ಲೆಕ್ಕ ಮಾತ್ರ ಇಡೀ ತರಗತಿಯದ್ದಾಗಿರಲಿ. ಯಾರು ಹೆಚ್ಚು ಓದಿದರು ಎಂಬ ಪಟ್ಟಿ ಗೋಡೆಗೆ ಬಿತ್ತೆಂದರೆ, ಓದು ಬಲ್ಲ ನಾಲ್ಕು ಮಕ್ಕಳು ಓಡುತ್ತಾರೆ, ಉಳಿದವರು ಮೊದಲ ವಾರವೇ ಕೈಬಿಡುತ್ತಾರೆ. ತಡವರಿಸುತ್ತ ಎರಡು ಪುಟ ಓದಿದ ಹುಡುಗನಿಂದಲೂ ತರಗತಿ 20 ಕಿ.ಮೀ. ಮುಂದೆ ಹೋಗಬೇಕು.

ಮೊದಲು ಪಾಸ್‌ಪೋರ್ಟ್. ಹಳೆ ನೋಟುಬುಕ್ಕಿನಲ್ಲಿ ಉಳಿದ ಖಾಲಿ ಹಾಳೆಗಳನ್ನು ಮಡಚಿ, ಮಗುವಿಗೊಂದರಂತೆ ಹೊಲಿಯಿರಿ. ಹೊದಿಕೆಗೆ ದರ್ಜಿಯ ಅಂಗಡಿಯಲ್ಲಿ ಬಿದ್ದಿರುವ ಗುಳೇದಗುಡ್ಡದ ಖಣದ ತುಂಡು ಸಾಕು. ಅಡ್ಡ ಕೊಯ್ದ ಬೆಂಡೆಕಾಯಿಯನ್ನು ಬಣ್ಣಕ್ಕೆ ಅದ್ದಿದರೆ ಮುದ್ರೆ ಸಿದ್ಧ. ಗೋಡೆಗೆ ಜಗತ್ತಿನ ನಕಾಶೆ ಅಂಟಿಸಿ, ಗುಂಡುಪಿನ್ನು ಚುಚ್ಚಿ, ಊರಿಂದ ಊರಿಗೆ ನೂಲು ಎಳೆಯಿರಿ. ಇಳಕಲ್ಲಿನಲ್ಲಿ ನೂಲಿಗೇನು ಬರ? ಮಗ್ಗವಿರುವ ಮನೆಯ ಮಗುವಿಗೆ ಹೇಳಿದರೆ ಮರುದಿನವೇ ಬರುತ್ತದೆ.

ದಾರಿ ಆರಿಸುವುದರಲ್ಲೇ ಅರ್ಧ ಸ್ವಾರಸ್ಯವಿದೆ, ಇದಕ್ಕೊಂದು ವಾರ ಹಿಡಿದರೂ ಹಿಡಿಯಲಿ. ಪ್ಯಾರಿಸ್, ಲಂಡನ್ನಿನಿಂದ ಶುರು ಮಾಡುವುದು ಬೇಡ. ನಮ್ಮ ಬಾಗಲಕೋಟೆ ಜಿಲ್ಲೆಗೆ ಜಗತ್ತು ಎಂದೋ ಬಂದು ಹೋಗಿದೆ. 7ನೇ ಶತಮಾನದಲ್ಲಿ ಚೀನಾದ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಬಾದಾಮಿಯ ಅರಸ ಇಮ್ಮಡಿ ಪುಲಕೇಶಿಯ ರಾಜ್ಯದ ಬಗ್ಗೆ ಬರೆದಿಟ್ಟಿದ್ದಾನೆ. ಹಾಗಾಗಿ ಬಾದಾಮಿಯ ಮಕ್ಕಳ ಮೊದಲ ವಿದೇಶ ಚೀನಾ ಆದರೆ ಚೆಂದ. ಪಟ್ಟದಕಲ್ಲು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದ್ದು 1987ರಲ್ಲಿ, ಚೀನಾದ ಮಹಾಗೋಡೆ ಸೇರಿದ್ದೂ ಅದೇ ವರ್ಷ. ಅದೇ ಪಟ್ಟಿ ಹಿಡಿದು ಈಜಿಪ್ಟಿನ ಪಿರಮಿಡ್ಡಿಗೂ ಪೆರುವಿನ ಮಾಚುಪಿಚುವಿಗೂ ಹೋಗಬಹುದು. ಇಳಕಲ್ಲಿನ ಮಕ್ಕಳು ಗ್ರಾನೈಟ್ ಹಿಂದೆ ಹೋಗಲಿ: ತಮ್ಮೂರಿನ ಕೆಂಪು ಕಲ್ಲು ಯಾವ್ಯಾವ ದೇಶಕ್ಕೆ ಹೋಗುತ್ತದೆಂದು ಪಾಲಿಶಿಂಗ್ ಘಟಕದಲ್ಲಿ ದುಡಿಯುವ ಮನೆಯವರನ್ನು ಕೇಳಿದರೆ ದಾರಿ ತಾನಾಗಿ ಸಿಗುತ್ತದೆ.

ಇನ್ನು ಪುಸ್ತಕ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಗ್ರಾಮೀಣ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಎಲ್ಲರನ್ನೂ ಒಂದೇ ದಿನ ಕರೆದೊಯ್ದು ಹೆಸರು ಬರೆಸಿಬಿಡಿ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಕಥೆಗಳು ಓದಿನ ಮಟ್ಟಕ್ಕೆ ತಕ್ಕಂತೆ ವಿಂಗಡವಾಗಿ ಪುಕ್ಕಟೆ ಸಿಗುತ್ತವೆ, ಮುದ್ರಿಸಿಕೊಳ್ಳಲೂಬಹುದು. ಜಪಾನಿಗೆ ‘ತೊತ್ತೋಚಾನ್’ ಕನ್ನಡದಲ್ಲೇ ಇದೆ. ನೇಮಿಚಂದ್ರರ ‘ಪೆರುವಿನ ಪವಿತ್ರ ಕಣಿವೆಯಲ್ಲಿ’, ಗೊರೂರರ ‘ಅಮೆರಿಕದಲ್ಲಿ ಗೊರೂರು’ ದೊಡ್ಡವರ ಪುಸ್ತಕಗಳೇ ಸರಿ, ಆದರೆ ಶಿಕ್ಷಕರು ದಿನಕ್ಕೆರಡು ಪುಟ ಗಟ್ಟಿಯಾಗಿ ಓದಿದರೆ ಏಳನೇ ತರಗತಿಯ ಮಕ್ಕಳು ಕಿವಿಗೊಟ್ಟು ಕೇಳುತ್ತಾರೆ. ಕೇಳಿದ ಪುಟವೂ ಲೆಕ್ಕಕ್ಕೆ ಸೇರಲಿ. ಇನ್ನೂ ಓದು ಬಾರದವರಿಗೆ ಜೊತೆಗಾರನೊಬ್ಬ ಬೆರಳಿಟ್ಟು ಓದಿ ಹೇಳಲಿ, ಪುಟ ಇಬ್ಬರದೂ.

ಪುಸ್ತಕ ಮುಗಿಸಿದ ಮಗುವಿನ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಮೊದಲು ‘ವೀಸಾ ಸಂದರ್ಶನ’. ಬರವಣಿಗೆ ಬೇಡ. ಸಾರಾಂಶ ಬರೆಸಿದರೆ ಇದೂ ಹೋಂವರ್ಕ್ ಆಗಿ ಹೋಗುತ್ತದೆ. “ಅಲ್ಲಿ ಮಂದಿ ಏನ್ ಉಣ್ತಾರ? ನಿನಗ ಯಾರು ಸೇರಿದ್ರು? ಸುಳ್ಳ ಅನ್ನಿಸಿದ್ದು ಯಾವುದು?” ಎಂದು ನಮ್ಮ ಕಡೆಯ ಮಾತಿನಲ್ಲೇ ಕೇಳಿ, ಮಗುವೂ ಹಾಗೇ ಹೇಳಲಿ. ಮೂರನೇ ಪ್ರಶ್ನೆಗೆ ಬರುವ ಉತ್ತರಗಳೇ ಹೆಚ್ಚು ಮಜಾ ಕೊಡುತ್ತವೆ. ಸಂದರ್ಶನಕ್ಕೆ ತಿಂಗಳ ಬ್ಯಾಗ್‌ರಹಿತ ಶನಿವಾರ ಹೇಳಿ ಮಾಡಿಸಿದ ದಿನ.

ದುಡಿಯಲು ಗೋವಾಕ್ಕೋ ಮಂಗಳೂರಿಗೋ ಹೋಗುವ ಕುಟುಂಬಗಳು ಬಾದಾಮಿ, ಹುನಗುಂದದ ಕಡೆ ಬಹಳ. ಅಂಥ ಮನೆಯ ಮಗು ಗುಳೆ ಹೊರಟರೆ ಪಾಸ್‌ಪೋರ್ಟ್ ಕಿತ್ತುಕೊಳ್ಳಬೇಡಿ, ಎರಡು ಪುಸ್ತಕ ಇಟ್ಟು ಕಳಿಸಿ. ತರಗತಿಯಲ್ಲಿ ನಿಜವಾಗಿ ಗಡಿ ದಾಟಿ ಬರುವ ಯಾತ್ರಿಕ ಅವನೊಬ್ಬನೇ. ಮರಳಿ ಬಂದಾಗ ಅವನು ಕಂಡದ್ದನ್ನು ಹೇಳಿಸಿ, ಅದಕ್ಕೂ ಮುದ್ರೆ ಒತ್ತಿ.

ಕಪ್ಪು, ಪದಕ ಬೇಕಿಲ್ಲ. ಸುತ್ತು ಮುಗಿದ ಮೇಲೆ ಮಕ್ಕಳನ್ನು ಐಹೊಳೆಯ ಮೇಗುತಿ ಗುಡ್ಡ ಹತ್ತಿಸಿ. ಪುಲಕೇಶಿಯ ಆಸ್ಥಾನ ಕವಿ ರವಿಕೀರ್ತಿಯ ಕ್ರಿ.ಶ. 634ರ ಶಾಸನ ಅಲ್ಲಿದೆ. ಭಾಷೆ ಸಂಸ್ಕೃತ, ಲಿಪಿ ಹಳಗನ್ನಡದ್ದು. ಯಾವ ಅಕ್ಷರದ ಗುರುತು ಸಿಗುತ್ತದೆಂದು ಅವರೇ ಹುಡುಕಲಿ. ಪುರಾತತ್ವ ಇಲಾಖೆಯ ಸ್ಮಾರಕಗಳಿಗೆ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಐಹೊಳೆಯ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ, ಶನಿವಾರವೇ ಹೊರಡಿ.