ಯುಗಾದಿಗೆ ಬಿತ್ತಬೇಡಿ, ಭರಣಿಗೆ ಕಾಯಿರಿ

ಕೈತೋಟದ ಪುಸ್ತಕ, ವಿಡಿಯೊ ಯಾವುದನ್ನು ತೆಗೆದರೂ ವಸಂತವೆಂದರೆ ಬಿತ್ತನೆಯ ಕಾಲ. ಹಿಮ ಕರಗುವ ದೇಶದವರಿಗೆ ಆ ಲೆಕ್ಕ ಸರಿ. ನಮ್ಮ ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ನಡೆಯುವುದಿಲ್ಲ. ಶಿವರಾತ್ರಿಯ ಸಿದ್ಧಗಂಗೆ ಜಾತ್ರೆ ಮುಗಿಯಿತೆಂದರೆ ಇಲ್ಲಿ ಚಳಿ ಗಂಟುಮೂಟೆ ಕಟ್ಟಿತು. ಯುಗಾದಿಗೆ ಹೊಂಗೆ ಚಿಗುರಿ, ಬೇವು ಹೂ ಬಿಟ್ಟು, ನೋಡಲು ಎಲ್ಲವೂ ಹೊಸದಾಗಿ ಕಾಣುತ್ತದೆ ನಿಜ. ಆದರೆ ಆ ಚಿಗುರು ಆಳಕ್ಕೆ ಬೇರಿಳಿಸಿದ ಮರಗಳದ್ದು. ಕುಂಡದಲ್ಲಿ ಒಂದಡಿ ಮಣ್ಣು ನಂಬಿಕೊಂಡ ಗಿಡಕ್ಕೆ ಅದೇ ವಾರ ಕಷ್ಟಕಾಲ ಶುರು.

ನಾನು ಈ ಬಡಾವಣೆಯಲ್ಲಿ ತಾರಸಿಯ ಮೇಲೆ ಮತ್ತು ಮನೆ ಪಕ್ಕದ ಪಟ್ಟಿಯಷ್ಟು ಜಾಗದಲ್ಲಿ ತರಕಾರಿ, ಹೂ ಬೆಳೆಯುತ್ತ ಬಂದವಳು. ಫೆಬ್ರವರಿ ಕೊನೆಯಿಂದ ಮೇ ಮೊದಲವರೆಗೆ ನನ್ನ ಕೆಲಸ ಇಷ್ಟೇ: ಇರುವುದನ್ನು ಉಳಿಸಿಕೊಳ್ಳುವುದು, ಮಳೆಗೆ ಸಿದ್ಧವಾಗಿರುವುದು. ಅಕ್ಕಪಕ್ಕದವರು ಕೇಳಿದಾಗ ಹೇಳುವ ಮಾತುಗಳನ್ನೇ ಇಲ್ಲಿ ಬರೆದಿದ್ದೇನೆ.

1. ನರ್ಸರಿ ಕಡೆ ತಲೆ ಹಾಕಬೇಡಿ

ಮಾರ್ಚ್‌ನಲ್ಲಿ ನರ್ಸರಿಗಳು ಬಲು ಚಂದ. ಅಲ್ಲಿನ ಗಿಡವೆಲ್ಲ ಹಸಿರು ನೆಟ್‌ನ ಕೆಳಗೆ, ದಿನಕ್ಕೆರಡು ಸಲ ನೀರು ಕುಡಿದು ಬೆಳೆದದ್ದು. ತಂದು ತಾರಸಿಯ ಬಿಸಿಲಿಗಿಟ್ಟರೆ ಎರಡೇ ದಿನಕ್ಕೆ ಎಲೆಯಂಚು ಸುಟ್ಟುಕೊಳ್ಳುತ್ತದೆ. ಆಸೆ ತಡೆಯದೆ ತಂದಾಗಿದ್ದರೆ ಹತ್ತು ದಿನ ಮೆಟ್ಟಿಲ ಕೆಳಗೋ ಮರದಡಿಯೋ ಇಡಿ, ಆಮೇಲೆ ಬೆಳಗಿನ ಬಿಸಿಲಿಗೆ ಸರಿಸಿ. ಕುಂಡ ಬದಲಿಸುವುದು, ಬೇರು ಕತ್ತರಿಸುವುದು ಈಗ ಬೇಡವೇ ಬೇಡ.

2. ನೀರು ಮೇಲೆ ಬಿದ್ದರೆ ಸಾಲದು, ಕೆಳಗೆ ಇಳಿಯಬೇಕು

"ದಿನಾ ನೀರು ಹಾಕ್ತೀನಿ ಕಣಕ್ಕಾ, ಆದ್ರೂ ಬಾಡ್ತಾ ಐತೆ" ಎಂದು ಎದುರುಮನೆಯವರು ಬಂದರೆ ನಾನು ಮೊದಲು ಮಾಡುವುದು ಅವರ ಕುಂಡದ ಪಕ್ಕಕ್ಕೆ ಒಂದು ಕಡ್ಡಿ ಚುಚ್ಚುವುದು. ಮೇಲಿನ ಒಂದಿಂಚು ಒದ್ದೆ, ಅದರ ಕೆಳಗೆ ಹುಡಿ ಹುಡಿ. ನಮ್ಮಲ್ಲಿ ತೆಂಗಿನ ನಾರಿನ ಪುಡಿ ಸುಲಭವಾಗಿ ಸಿಗುವುದರಿಂದ ಎಲ್ಲರೂ ಕುಂಡಕ್ಕೆ ಅದನ್ನೇ ತುಂಬುತ್ತಾರೆ. ತನ್ನ ತೂಕದ ಐದಾರು ಪಟ್ಟು ನೀರು ಹಿಡಿಯುವ ಪದಾರ್ಥ ಅದು, ಆದರೆ ಒಮ್ಮೆ ಪೂರ್ತಿ ಒಣಗಿತೆಂದರೆ ನೀರನ್ನು ಬೇಗ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಪುಡಿ ಕುಗ್ಗಿ ಕುಂಡದ ಗೋಡೆಯಿಂದ ಸರಿದಿರುತ್ತದೆ. ನೀವು ಹಾಕಿದ ನೀರು ಆ ಸಂದಿನಲ್ಲಿ ಜಾರಿ ತಳದ ತೂತಿನಿಂದ ಹೊರಗೆ ಬರುತ್ತದೆ. ಕೆಳಗೆ ನೀರು ಹರಿದದ್ದು ನೋಡಿ ಮನೆಯವರಿಗೆ ಸಮಾಧಾನ, ಬೇರಿಗೆ ಮಾತ್ರ ತೊಟ್ಟೂ ಸಿಕ್ಕಿರುವುದಿಲ್ಲ.

ಅಂಥ ಕುಂಡವನ್ನು ಬಕೆಟ್ ನೀರಿನಲ್ಲಿ ಅರ್ಧಕ್ಕೆ ಮುಳುಗಿಸಿ ಇಡಿ. ಗುಳ್ಳೆ ಏಳುವುದು ನಿಂತ ಮೇಲೆ ತೆಗೆಯಿರಿ. ಎತ್ತಲಾಗದ ದೊಡ್ಡ ಕುಂಡಕ್ಕೆ ಮೊದಲು ಒಂದು ಚೊಂಬು, ಹತ್ತು ನಿಮಿಷ ಬಿಟ್ಟು ಇನ್ನೆರಡು ಚೊಂಬು. ಮೊದಲನೆಯದು ಪುಡಿಯನ್ನು ಹದ ಮಾಡುತ್ತದೆ, ಆಮೇಲಿನದು ಒಳಗಿಳಿಯುತ್ತದೆ. ಹೊತ್ತು ಏರುವ ಮುಂಚೆಯೇ, ಬೆಳಗ್ಗೆ ಏಳರೊಳಗೆ ಇದು ಮುಗಿಯಬೇಕು. ಮಧ್ಯಾಹ್ನ ಎಲೆ ಜೋತುಬಿದ್ದದ್ದು ಕಂಡರೆ ಓಡಬೇಡಿ. ಸಂಜೆ ತಾನಾಗಿ ನೆಟ್ಟಗಾದರೆ ಅದು ನೀರಿನ ಕೊರತೆಯಲ್ಲ, ಬಿಸಿಲಿನ ಆಯಾಸ. ಬೆಳಗ್ಗೆ ಆರಕ್ಕೂ ಜೋತೇ ಇದ್ದರೆ ಮಾತ್ರ ಚಿಂತೆ ಮಾಡಿ.

3. ನಲ್ಲಿ ನೀರು ತೋಟಕ್ಕಲ್ಲ

ನಗರಕ್ಕೆ ನೀರು ಬರುವುದು ಹೇಮಾವತಿಯಿಂದ, ಬುಗುಡನಹಳ್ಳಿ ಕೆರೆಯಲ್ಲಿ ನಿಂತು. ನಾಲೆಯಲ್ಲಿ ನೀರು ನಿಂತರೆ ನಮ್ಮ ನಲ್ಲಿಗೂ ಅದರ ಬಿಸಿ ತಟ್ಟುತ್ತದೆ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯಲು ಬಳಸಿದವರಿಗೆ 5,000 ರೂಪಾಯಿ ದಂಡವೆಂದು ಆದೇಶವನ್ನೇ ಹೊರಡಿಸಿತು. ದಂಡ ಇರಲಿ ಬಿಡಲಿ, ಅಕ್ಕಿ, ಸೊಪ್ಪು, ತರಕಾರಿ ತೊಳೆದ ನೀರು ಮನೆಯಲ್ಲೇ ದಿನಕ್ಕೆ ಒಂದೆರಡು ಬಕೆಟ್ ಸಿಗುತ್ತದೆ. ಅಷ್ಟರಲ್ಲಿ ಎಷ್ಟು ಗಿಡ ಬದುಕುತ್ತವೋ ಅಷ್ಟೇ ಗಿಡ ಬೇಸಿಗೆಗೆ ಇಟ್ಟುಕೊಳ್ಳಿ ಎನ್ನುತ್ತೇನೆ. ಮಿಕ್ಕಿದ್ದನ್ನು ನೀರಿರುವ ನೆಂಟರ ತೋಟಕ್ಕೆ ದಾಟಿಸಿ. ಸೋಪಿನ ಬಚ್ಚಲು ನೀರು ಬಾಳೆ, ತೆಂಗು, ಕ್ಯಾನಾ ಹೂವಿಗೆ ಆದೀತು. ಸೊಪ್ಪಿಗೆ, ಕುಂಡಕ್ಕೆ ಬೇಡ.

ಆರ್‌ಒ ಯಂತ್ರ ಹೊರಗೆ ಬಿಡುವ ನೀರನ್ನು ದಂಡವಾಗದಿರಲೆಂದು ಗಿಡಕ್ಕೆ ಹಾಕುವವರು ಬಹಳ. ಬೋರ್‌ವೆಲ್ ನೀರಿನ ಉಪ್ಪೆಲ್ಲ ಅದರಲ್ಲೇ ಇರುತ್ತದೆ. ದಿನವೂ ಹಾಕಿದರೆ ಕುಂಡದ ಅಂಚಿನಲ್ಲಿ ಬಿಳಿ ಪದರ ಕಟ್ಟುತ್ತದೆ. ದಾಸವಾಳ, ಸಂಪಿಗೆಯ ಹೊಸ ಎಲೆ ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಗೊಬ್ಬರ ಕಮ್ಮಿಯಾಯಿತೆಂದು ಇನ್ನಷ್ಟು ಗೊಬ್ಬರ ಸುರಿದರೆ ಉಪ್ಪು ಇನ್ನೂ ಹೆಚ್ಚಾಯಿತು. ಆ ನೀರು ನೆಲ ಒರೆಸಲು ಇರಲಿ.

4. ಬಿಸಿಲು ಎಲೆಗಿಂತ ಬೇರನ್ನು ಹೆಚ್ಚು ಸುಡುತ್ತದೆ

ಏಪ್ರಿಲ್ ಮಧ್ಯಾಹ್ನ ತಾರಸಿ ಕಾದ ರೊಟ್ಟಿ ಹಂಚು. ಅದರ ಮೇಲೆ ನೇರವಾಗಿ ಕೂತ ಕಪ್ಪು ಗ್ರೋ ಬ್ಯಾಗಿನೊಳಗೆ ಬೇರು ಬೇಯುತ್ತಿರುತ್ತದೆ. ಕುಂಡದ ಕೆಳಗೆ ಎರಡು ಇಟ್ಟಿಗೆ ಇಟ್ಟು ಗಾಳಿಯಾಡಲು ಬಿಡಿ. ಸುತ್ತ ಹಳೆಯ ಗೋಣಿಚೀಲ ಸುತ್ತಿ. ಸಣ್ಣ ಕುಂಡಗಳನ್ನು ಒಂದಕ್ಕೊಂದು ಒತ್ತಿಟ್ಟು ಪಡುವಣ ಬಿಸಿಲಿಗೆ ದೊಡ್ಡವನ್ನು ಅಡ್ಡ ನಿಲ್ಲಿಸಿ. ನೆರಳಿನ ಬಲೆ ಹಾಕುವುದಾದರೆ ತರಕಾರಿಗೆ 50 ಪರ್ಸೆಂಟ್‌ನದು ಸಾಕು. 75ರದ್ದನ್ನು ಹಾಕಿದರೆ ಗಿಡ ಉದ್ದವಾಗುತ್ತದೆಯೇ ಹೊರತು ಕಾಯಿ ಬಿಡುವುದಿಲ್ಲ.

5. ಕಲ್ಪತರು ನಾಡಿನಲ್ಲಿದ್ದು ಮಣ್ಣನ್ನು ಬರಿಮೈಲಿ ಬಿಡಬೇಡಿ

ತೆಂಗಿನಕಾಯಿ ಸುಲಿದ ಮಟ್ಟೆ, ಗುಬ್ಬಿ ಕಡೆಯ ಅಡಕೆ ಸಿಪ್ಪೆ, ಹೊಂಗೆಯ ಎಲೆ: ಬುಡಕ್ಕೆ ಹೊದಿಸಲು ಇಷ್ಟು ಸಾಮಗ್ರಿ ಬೇರೆ ಊರಿನವರಿಗಿಲ್ಲ. ಮೂರು ನಾಲ್ಕು ಇಂಚು ದಪ್ಪ ಹೊದಿಕೆ ಹಾಕಿದರೆ ದಿನ ಹಾಕುವ ನೀರು ದಿನ ಬಿಟ್ಟು ದಿನಕ್ಕೆ ಇಳಿಯುತ್ತದೆ. ನೆಲದ ಗಿಡಗಳ ಸುತ್ತ ಒಂದಡಿ ಆಳದ ಕಾಲುವೆ ತೋಡಿ ಮಟ್ಟೆಯನ್ನು ಒಳಮುಖ ಮೇಲಾಗುವಂತೆ ಜೋಡಿಸಿ ಮುಚ್ಚುವುದು ತೆಂಗಿನ ತೋಟದವರ ಹಳೆಯ ಪದ್ಧತಿ. ನಿಂಬೆ, ಕರಿಬೇವು, ಮಲ್ಲಿಗೆಗೂ ಅದು ಒಪ್ಪುತ್ತದೆ.

ಎರಡು ಎಚ್ಚರಿಕೆ. ಹೊದಿಕೆ ಕಾಂಡಕ್ಕೆ ತಾಗದಿರಲಿ, ಒಂದು ಹಿಡಿಯಷ್ಟು ಜಾಗ ಬಿಡಿ. ನಮ್ಮ ಕೆಂಪು ಮಣ್ಣಿನಲ್ಲಿ ಬೇಸಿಗೆಗೆ ಗೆದ್ದಲು ಏಳುತ್ತದೆ, ಒಣಗಿದ್ದೆಲ್ಲ ಅದಕ್ಕೆ ಊಟ. ಹೊದಿಕೆಯಡಿ ಬೇವಿನ ಹಿಂಡಿಯನ್ನೋ ಹೊಂಗೆ ಹಿಂಡಿಯನ್ನೋ ಒಂದು ಹಿಡಿ ಚೆಲ್ಲಿ. ಅರೆಕೊಳೆತ ಸಗಣಿ ಗೊಬ್ಬರ ಹಾಕಿದರೆ ಗೆದ್ದಲಿನ ಜೊತೆ ಗೊಣ್ಣೆಹುಳವೂ ಬಂತು.

ಯುಗಾದಿ ಮುಂಚೆ ಹೊಂಗೆ ಎಲೆ ಉದುರಿಸುತ್ತದೆ. ಬೀದಿ ಬೀದಿಯಲ್ಲಿ ಅದನ್ನು ಗುಡ್ಡೆ ಹಾಕಿ ಬೆಂಕಿ ಇಡುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಹಿಂಡಿಯನ್ನು ದುಡ್ಡು ಕೊಟ್ಟು ತರುತ್ತೇವೆ, ಪುಕ್ಕಟೆ ಬಿದ್ದ ಎಲೆಯನ್ನು ಸುಡುತ್ತೇವೆ.

6. ಟೊಮೆಟೊ ಮೇಲೆ ಸಿಟ್ಟಾಗಬೇಡಿ

ಹೂ ತುಂಬ ಬಿಟ್ಟು ಒಂದೂ ಕಾಯಿ ಕಚ್ಚದಿರುವುದಕ್ಕೆ ಕಾರಣ ಸೆಕೆ. ಹಗಲು 35 ಡಿಗ್ರಿ ದಾಟಿ, ರಾತ್ರಿಯೂ ತಂಪಾಗದಿದ್ದರೆ ಟೊಮೆಟೊ ಪರಾಗ ಕೆಲಸಕ್ಕೆ ಬಾರದು. ಬೀನ್ಸ್‌ನ ಪಾಡೂ ಅದೇ. ಮೆಂತ್ಯ, ಕೊತ್ತಂಬರಿ ಒಂದು ಗೇಣು ಬೆಳೆಯುವ ಮುಂಚೆಯೇ ಹೂವಿಗೆ ಹೋಗುತ್ತವೆ. ಇವಕ್ಕೆಲ್ಲ ಔಷಧಿಯಿಲ್ಲ, ಕಾಯಬೇಕು.

ಈಗ ಬಿತ್ತಲೇಬೇಕು ಅನ್ನುವವರಿಗೆ ದಂಟು, ಹರಿವೆ ಇವೆ. ಬಿಸಿಲು ಹೆಚ್ಚಾದಷ್ಟೂ ಚುರುಕಾಗುವ ಜಾತಿ ಅವು. ಚೆಲ್ಲಿದ ಇಪ್ಪತ್ತೈದು ಮೂವತ್ತು ದಿನಕ್ಕೆ ಸಾರಿಗೆ ಬರುತ್ತವೆ. ಗೋರಿಕಾಯಿ, ಅಲಸಂದೆಯೂ ಬಾಳುತ್ತವೆ. ಬೆಂಡೆ ಹಾಕುವುದಾದರೆ ತೋಟಗಾರಿಕಾ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನ ಅರ್ಕಾ ಅನಾಮಿಕದಂಥ ತಳಿ ನೋಡಿ. ಬೇಸಿಗೆಯಲ್ಲಿ ಬಿಳಿನೊಣ ಹರಡುವ ಹಳದಿ ನಂಜನ್ನು ತಡೆಯಲೆಂದೇ ಮಾಡಿದ ತಳಿ ಅದು.

7. ಹೀರೆ ಹೂ ನೋಡಲು ಸಂಜೆ ಹೋಗಿ

ಚಳಿಗಾಲದ ಕೊನೆಗೆ ಹಾಕಿದ ಹೀರೆ, ಸೋರೆ ಈಗ ಚಪ್ಪರ ಹತ್ತಿರುತ್ತವೆ. ಹೂವೆಲ್ಲ ಉದುರುತ್ತದೆ, ಪೀಚು ಹಳದಿಯಾಗಿ ಕೊಳೆಯುತ್ತದೆ ಎಂಬ ದೂರು ಪ್ರತಿ ಬೇಸಿಗೆಯದು. ಮೊದಲು ಬರುವುದೆಲ್ಲ ಗಂಡು ಹೂ, ಅದು ಉದುರಲೇಬೇಕು. ಸೆಕೆ ಹೆಚ್ಚಿದಷ್ಟೂ ಗಂಡು ಹೂವಿನ ಸಂಖ್ಯೆಯೂ ಹೆಚ್ಚು. ಹೆಣ್ಣು ಹೂವಿಗೆ ಬುಡದಲ್ಲೇ ಕಿರುಬೆರಳಷ್ಟು ಪೀಚು ಇರುತ್ತದೆ. ಅದಕ್ಕೆ ಪರಾಗ ಮುಟ್ಟದಿದ್ದರೆ ಎರಡು ಮೂರು ದಿನಕ್ಕೆ ಹಳದಿಯಾಗುತ್ತದೆ.

ಮೂರನೇ ಮಹಡಿಗೆ ಜೇನು ಬರುವುದು ಕಮ್ಮಿ. ಹಾಗಾಗಿ ಕೈಯಾರೆ ಮುಟ್ಟಿಸಬೇಕು. ಇಲ್ಲೇ ಹೆಚ್ಚಿನವರು ಎಡವುವುದು. ಕುಂಬಳ, ಸೌತೆ, ಹಾಗಲದ ಹೂ ಅರಳುವುದು ಬೆಳಗ್ಗೆ. ಹೀರೆ ಅರಳುವುದು ಸಂಜೆ ಐದು ಆರರ ಹೊತ್ತಿಗೆ. ಸೋರೆಯ ಬಿಳಿ ಹೂವೂ ಹೊತ್ತು ಇಳಿದ ಮೇಲೆಯೇ. ಕಾಫಿ ಕುಡಿದು ಬೆಳಗ್ಗೆ ಎಂಟಕ್ಕೆ ಹೀರೆ ಹೂ ಹಿಡಿದು ತಿಕ್ಕಿದರೆ ಏನೂ ಆಗದು, ಅಷ್ಟರಲ್ಲಿ ಅದು ಬಾಡಿ ಮುದುಡಿರುತ್ತದೆ. ಆಗಷ್ಟೇ ಅರಳಿದ ಗಂಡು ಹೂ ಕಿತ್ತು, ದಳ ಬಿಡಿಸಿ, ಒಳಗಿನ ಹಳದಿ ಹುಡಿ ಬೆರಳಿಗೆ ಹತ್ತುತ್ತದೆಯೇ ನೋಡಿ. ಹತ್ತಿದರೆ ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಸವರಿ. ವಾರದೊಳಗೆ ಪೀಚು ಉದ್ದವಾಗತೊಡಗುತ್ತದೆ.

8. ಮೆಣಸಿನ ಎಲೆ ಯಾವ ಕಡೆ ಮುರುಟಿದೆ?

ಮೇಲಕ್ಕೆ ದೋಣಿಯಂತೆ ಮಡಚಿದ್ದರೆ ಥ್ರಿಪ್ಸ್, ಕೆಳಕ್ಕೆ ಮಡಚಿ ತೊಟ್ಟು ಉದ್ದವಾಗಿದ್ದರೆ ಮೈಟ್ ನುಸಿ. ಎರಡಕ್ಕೂ ಒಂದೇ ಮದ್ದು ಹೊಡೆದರೆ ದುಡ್ಡು ದಂಡ. ಥ್ರಿಪ್ಸ್‌ಗೆ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಬೆರೆಯಲು ಸ್ವಲ್ಪ ಸೋಪು. ನುಸಿಗೆ ನೀರಿನಲ್ಲಿ ಕರಗುವ ಗಂಧಕ, ಲೀಟರಿಗೆ 3 ಗ್ರಾಂ. ಆದರೆ ಕಡು ಬಿಸಿಲಿನ ದಿನ ಗಂಧಕ ಎಲೆ ಸುಡುತ್ತದೆ, ಬಳ್ಳಿ ತರಕಾರಿಗಂತೂ ತಾಗಿಸಬೇಡಿ. ಏನೇ ಸಿಂಪಡಿಸಿದರೂ ಸಂಜೆಯೇ. ದಾಸವಾಳದ ಹಿಟ್ಟು ತಿಗಣೆಗೆ ಮೊದಲ ಮದ್ದು ಜೋರಾದ ನೀರು. ಇರುವೆ ಸಾಲು ಕಂಡರೆ ಅದನ್ನೂ ತಡೆಯಿರಿ, ತಿಗಣೆಯನ್ನು ಕೊಂಬೆಯಿಂದ ಕೊಂಬೆಗೆ ಹೊರುವುದು ಅದೇ.

9. ತೆಂಗಿನಡಿಯ ಕಪ್ಪು ಮಸಿ

ಪೇರಲೆ, ಬಾಳೆ ಎಲೆ ಮೇಲೆ ಹೊಗೆ ಹಿಡಿದಂತೆ ಕಪ್ಪಾಗಿದ್ದರೆ ರೋಗ ಆ ಗಿಡದ್ದಲ್ಲ, ತಲೆ ಎತ್ತಿ ತೆಂಗಿನ ಗರಿಯ ಅಡಿ ನೋಡಿ. ಸುರುಳಿ ಸುರುಳಿಯಾಗಿ ಬಿಳಿ ಮೇಣ ಕಾಣುತ್ತದೆ. 2016ರಲ್ಲಿ ತಮಿಳುನಾಡಿನ ಪೊಳ್ಳಾಚಿಯಲ್ಲಿ ದೇಶದಲ್ಲೇ ಮೊದಲು ಕಂಡ ಸುರುಳಿ ಬಿಳಿನೊಣ ಇದು, ಈಗ ನಮ್ಮ ತೆಂಗಿನಲ್ಲೂ ಬೀಡುಬಿಟ್ಟಿದೆ. ಅದು ಸುರಿಸುವ ಅಂಟಿನ ಮೇಲೆ ಬೆಳೆಯುವ ಬೂಷ್ಟೇ ಆ ಮಸಿ. ವಿಷ ಹೊಡೆಸಲು ಹೋಗಬೇಡಿ. ಈ ನೊಣದ ಮರಿಯೊಳಗೆ ಮೊಟ್ಟೆಯಿಟ್ಟು ಅದನ್ನು ಮುಗಿಸುವ ಪುಟ್ಟ ಕಣಜವೂ ನಮ್ಮಲ್ಲೇ ಇದೆ, ವಿಷಕ್ಕೆ ಮೊದಲು ಸಾಯುವುದು ಅದು. ಕೆಳಗಿನ ಗಿಡಕ್ಕೆ ತೆಳ್ಳನೆ ಗಂಜಿ ಸಿಂಪಡಿಸಿ. ಒಣಗಿ ಹೊಪ್ಪಳಿಕೆಯಾಗಿ ಮಸಿಯನ್ನೂ ಕಿತ್ತುಕೊಂಡು ಉದುರುತ್ತದೆ.

10. ಸಿದ್ದು ಹಲಸು ಮೂವತ್ತು ನಲವತ್ತರ ಸೈಟಿಗಲ್ಲ

ಗುಬ್ಬಿ ತಾಲ್ಲೂಕಿನ ಚೇಳೂರಿನ ಆ ತಾಮ್ರಗೆಂಪು ತೊಳೆಯ ಹಲಸಿನ ಮೇಲೆ ನಮಗೆಲ್ಲ ಅಭಿಮಾನ. ಕಸಿ ಗಿಡ ತಂದು ಕಾಂಪೌಂಡಿನ ಮೂಲೆಗೆ ನೆಡುವವರನ್ನು ಕಂಡರೆ ಮಾತ್ರ ತಡೆಯುತ್ತೇನೆ. ಹಣ್ಣು ಚಿಕ್ಕದಿರಬಹುದು, ಮರ ಚಿಕ್ಕದಲ್ಲ. ಊರಲ್ಲಿ ಜಮೀನಿದ್ದರೆ ಅಲ್ಲಿ ನೆಡಿ. ಸೈಟಿಗೆ ಕರಿಬೇವು, ನಿಂಬೆ, ಒಂದು ನುಗ್ಗೆ ಸಾಕು.

11. ಖಾಲಿ ಕುಂಡಕ್ಕೂ ಕೆಲಸ ಕೊಡಿ

ಇಷ್ಟು ಬೈಸಿಕೊಂಡ ಬಿಸಿಲಿನಿಂದ ಒಂದು ಉಪಕಾರವಿದೆ. ಹಳೆಯ ಮಣ್ಣನ್ನು ಅರ್ಧ ಅಡಿ ದಪ್ಪ ಹರಡಿ, ನೀರು ಚಿಮುಕಿಸಿ, ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ಅಂಚಿಗೆ ಮಣ್ಣು ಒತ್ತಿ, ನಾಲ್ಕರಿಂದ ಆರು ವಾರ ಬಿಡಿ. ಬೇರುಗಂಟಿನ ಹುಳ, ಕಳೆಬೀಜ, ಬೂಷ್ಟು ಬಹುಪಾಲು ಸಾಯುತ್ತವೆ. ಕಪ್ಪು ಪ್ಲಾಸ್ಟಿಕ್ ಇದಕ್ಕಾಗದು. ನೆಡುವ ಗುಂಡಿಗಳನ್ನೂ ಏಪ್ರಿಲ್‌ನಲ್ಲೇ ತೋಡಿ ಬಿಸಿಲು ಕಾಯಲು ಬಿಡಿ. ಹೊಸ ಬಡಾವಣೆಯವರು ತೋಡುವಾಗ ಸಿಮೆಂಟು, ಇಟ್ಟಿಗೆ ಚೂರು, ಗರಸು ಬಂದರೆ ಅದನ್ನೆಲ್ಲ ತೆಗೆದುಹಾಕಿ ಕೆರೆಗೋಡು ಬೆರೆಸಬೇಕು.

12. ಒಂದು ಮಳೆ ಮಳೆಯಲ್ಲ

ಏಪ್ರಿಲ್ 14ರ ಸುಮಾರಿಗೆ ಅಶ್ವಿನಿ ಮಳೆ ಹುಟ್ಟುತ್ತದೆ, 27ಕ್ಕೆ ಭರಣಿ, ಮೇ 11ಕ್ಕೆ ಕೃತ್ತಿಕೆ. ಅಶ್ವಿನಿಯಲ್ಲಿ ಬೀಳುವುದು ಹೆಚ್ಚಾಗಿ ಗುಡುಗು, ಗಾಳಿ, ಒಮ್ಮೊಮ್ಮೆ ಆಲಿಕಲ್ಲು. ಅದಕ್ಕೆ ಬೇಕಾದ್ದು ಬೀಜವಲ್ಲ, ಪಪ್ಪಾಯಿಗೂ ಬಾಳೆಗೂ ಊರುಗೋಲು. ಭರಣಿ ಹದವಾಗಿ ಬಂದು, ಮಣ್ಣು ಬಗೆದರೆ ಒಂದು ಗೇಣು ಆಳದವರೆಗೂ ತೇವ ಕಂಡ ದಿನ ಬೆಂಡೆ, ಹೀರೆ, ಅಲಸಂದೆ ಹಾಕಿ, ಬದನೆ ಮತ್ತು ಮೆಣಸಿಗೆ ಒಟ್ಲು ಬಿಡಿ. ಟೊಮೆಟೊ ಜೂನ್‌ಗೆ, ಅವರೆ ಜುಲೈ ಆಗಸ್ಟ್‌ಗೆ. ಬೀಜವನ್ನು ಈಗಲೇ ತಂದಿಟ್ಟುಕೊಳ್ಳಿ. ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿದರೆ ಯಾವ ತಳಿ, ಯಾವ ತಿಂಗಳು ಎಂದು ಹೇಳುತ್ತಾರೆ.

ನಾಟಿ ನುಗ್ಗೆಯ ಕೊಂಬೆ ಬೇಕಾದವರಿಗೆ ಒಂದು ಮಾತು. ನಮ್ಮ ಮರ ಸವರುವುದು ಕಾಯಿ ಮುಗಿದ ಮೇಲೆ, ಮೇ ತಿಂಗಳಲ್ಲಿ. ಮುಂಗೈ ದಪ್ಪದ, ಮೂರಡಿಯ ತುಂಡು ಕೊಡುತ್ತೇನೆ. ಗುಂಡಿ ತೋಡಿಟ್ಟುಕೊಂಡು ಬನ್ನಿ. ಅದಕ್ಕೆ ಮುಂಚೆ ಬಂದು ಕೇಳಿದರೆ ಕೊಡುವುದಿಲ್ಲ.