ಬೇಲಿ ಹಾರುವ ಕುದುರೆಗಳ ದಾರಿ

ನಮ್ಮ ಮನೆಯಲ್ಲಿ ‘ರೇಸ್’ ಎಂಬ ಮಾತು ಬಂದರೆ ಅಬ್ಬಾ ಒಂದೇ ಶಬ್ದದಲ್ಲಿ ಮುಗಿಸಿಬಿಡುತ್ತಾರೆ: ಜುವಾ. ಬಾಜಿ ಕಟ್ಟುವುದು ಹರಾಮ್ ಎನ್ನುವುದರಲ್ಲಿ ನನಗೂ ಅನುಮಾನವಿಲ್ಲ. ಆದರೆ ಬಾಜಿ ಕಟ್ಟುವ ಕೌಂಟರ್ ಬೇರೆ, ಕುದುರೆ ಓಡುವ ನೆಲ ಬೇರೆ. ಮದೀನಾದಲ್ಲಿ ಪ್ರವಾದಿ ಮುಹಮ್ಮದ್ (ಸ) ಅವರ ಕಾಲದಲ್ಲಿಯೇ ಕುದುರೆ ಓಟ ಇತ್ತು. ಸಹೀಹ್ ಬುಖಾರಿಯಲ್ಲಿ ಅದರ ದಾರಿಯ ವಿವರವೂ ಸಿಗುತ್ತದೆ: ಓಟಕ್ಕಾಗಿ ಸಜ್ಜುಗೊಳಿಸಿದ ಕುದುರೆಗಳಿಗೆ ಹಫ್ಯಾ ಎಂಬಲ್ಲಿಂದ ಸನಿಯ್ಯತುಲ್ ವದಾದವರೆಗೆ ಐದಾರು ಮೈಲಿ, ಸಜ್ಜುಗೊಳಿಸದ ಕುದುರೆಗಳಿಗೆ ಅಲ್ಲಿಂದ ಬನೂ ಝುರೈಕ್ ಮಸೀದಿಯವರೆಗೆ ಒಂದೇ ಮೈಲಿ. ಕುದುರೆಯ ಶಕ್ತಿ ನೋಡಿ ದಾರಿಯ ಉದ್ದ. ಇದನ್ನು ನೆನಪಿಟ್ಟುಕೊಂಡು ಮುಂದೆ ಓದಿ. ಇಂಗ್ಲೆಂಡಿನ ಒಂದು ಮೈದಾನಕ್ಕೆ ಇದೇ ಪಾಠ ಕಲಿಯಲು ನೂರೈವತ್ತು ವರ್ಷ ಹಿಡಿಯಿತು.

ನಮ್ಮ ರಾಜ್ಯದ ಎರಡು ರೇಸ್ ಮೈದಾನಗಳು, ಬೆಂಗಳೂರಿನದು ಮತ್ತು ಚಾಮುಂಡಿ ಬೆಟ್ಟದ ಬುಡದಲ್ಲಿರುವ ಮೈಸೂರಿನದು, ಎರಡೂ ಸಪಾಟು ಓಟದವು. ಬೇಲಿ ಇಟ್ಟು ಅಂಡಾಕಾರ ಮಾಡಿದ ಹುಲ್ಲಿನ ದಾರಿ, ನಡುವೆ ಏನೂ ಅಡ್ಡವಿಲ್ಲ. ಜಿಗಿತದ ಓಟ ಇದಕ್ಕಿಂತ ಬೇರೆ. ಅಲ್ಲಿ ಕುದುರೆ ಓಡುತ್ತಲೇ ಬೇಲಿ, ಹಳ್ಳ, ನೀರು ದಾಟಬೇಕು. ಅದರಲ್ಲಿಯೂ ಎರಡು ಬಗೆ. ಒಂದು ಹರ್ಡಲ್, ತಡೆ ಕನಿಷ್ಠ ಮೂರೂವರೆ ಅಡಿ, ತಗುಲಿದರೆ ಬಾಗುತ್ತದೆ. ಇನ್ನೊಂದು ಸ್ಟೀಪಲ್‌ಚೇಸ್, ಇಲ್ಲಿ ಬೇಲಿ ಕನಿಷ್ಠ ನಾಲ್ಕೂವರೆ ಅಡಿ, ದಪ್ಪ, ಗಟ್ಟಿ. ಕೆಲವು ಬೇಲಿಗಳ ಮುಂದೆ ತೆರೆದ ಹಳ್ಳ ಇರುತ್ತದೆ. ನೀರಿನ ಜಿಗಿತ ಮಾತ್ರ ಗಿಡ್ಡ, ಆದರೆ ಅಗಲ.

ಸ್ಟೀಪಲ್ ಎಂದರೆ ಚರ್ಚಿನ ಮೊನೆಗೋಪುರ. ಕೋಡಿಬಾಗದಲ್ಲಿ ನಿಂತರೆ ಕಾಳಿ ನದಿಯ ಆಚೆ ಸದಾಶಿವಗಡದ ಗುಡ್ಡ ಕಾಣುತ್ತದಲ್ಲ, ದಾರಿ ಗೊತ್ತಿಲ್ಲದವನೂ ಅದನ್ನೇ ಗುರಿಯಿಟ್ಟು ಹೋಗಬಹುದು. ಐರ್ಲೆಂಡಿನ ಬಯಲು ನಾಡಿನಲ್ಲಿ ಆ ಕೆಲಸ ಗೋಪುರದ್ದು. 1752ರಲ್ಲಿ ಕಾರ್ನೀಲಿಯಸ್ ಓಕ್ಯಾಲಹನ್ ಮತ್ತು ಎಡ್ಮಂಡ್ ಬ್ಲೇಕ್ ಎಂಬ ಇಬ್ಬರು ಬಟಿವಂಟ್ ಊರಿನ ಚರ್ಚಿನಿಂದ ಡೋನರೇಲ್ ಊರಿನ ಚರ್ಚಿನವರೆಗೆ, ಸುಮಾರು ನಾಲ್ಕೂವರೆ ಮೈಲಿ, ಪೈಪೋಟಿಗೆ ಬಿದ್ದು ಕುದುರೆ ಓಡಿಸಿದರು ಎಂದು ಹೇಳುತ್ತಾರೆ. ನಡುವೆ ಸಿಕ್ಕಿದ ಕಲ್ಲುಗೋಡೆ, ಹೊಲದ ಬೇಲಿ, ಹಳ್ಳ ಎಲ್ಲವನ್ನೂ ಹಾರಿಯೇ ದಾಟಬೇಕು. ಆ ದಾರಿಗೆ ಯಾರೂ ನಕ್ಷೆ ಬರೆದಿರಲಿಲ್ಲ. ರೈತನ ಹೊಲದ ಗಡಿಗಳೇ ನಕ್ಷೆ.

ಈ ಕಾಡುದಾರಿಯನ್ನು ಟಿಕೆಟ್ ಕೊಟ್ಟು ಬಂದ ಜನ ನಿಂತು ನೋಡುವಂತೆ ಒಂದು ಮೈದಾನದೊಳಗೆ ತಂದದ್ದು ವ್ಯಾಪಾರಿಯ ಬುದ್ಧಿ. ವಿಲಿಯಂ ಲಿನ್ ಎಂಬ ಹೋಟೆಲಿನವನು 1829ರಲ್ಲಿ ಲಿವರ್‌ಪೂಲ್ ಪಕ್ಕದ ಏಂಟ್ರಿ ಎಂಬಲ್ಲಿ ಲಾರ್ಡ್ ಸೆಫ್ಟನ್‌ರ ಜಮೀನನ್ನು ಗುತ್ತಿಗೆಗೆ ಪಡೆದು ಮೊದಲು ಸಪಾಟು ಓಟ ನಡೆಸಿದ. 1836ರಲ್ಲಿ ಅಲ್ಲಿ ಜಿಗಿತದ ಓಟ ಶುರುವಾಯಿತು. 1839ರ ಓಟವನ್ನೇ ಮೊದಲ ಗ್ರ್ಯಾಂಡ್ ನ್ಯಾಷನಲ್ ಎಂದು ಹೆಚ್ಚಿನವರು ಎಣಿಸುತ್ತಾರೆ. ಗೆದ್ದ ಕುದುರೆಯ ಹೆಸರು ಲಾಟರಿ! ಅಬ್ಬಾ ಕೇಳಿದ್ದರೆ ಇನ್ನೇನು ಹೇಳುತ್ತಿದ್ದರೋ.

ಈಗ ಏಂಟ್ರಿಯ ನಕ್ಷೆಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಉದ್ದನೆಯ ತ್ರಿಕೋನ. ಕುದುರೆಗಳು ಎಡಕ್ಕೆ ತಿರುಗುತ್ತಾ ಎರಡು ಸುತ್ತು ಹಾಕುತ್ತವೆ, ಒಟ್ಟು ಸುಮಾರು 6.9 ಕಿ.ಮೀ. ಬೇಲಿಗಳು 16, ಆದರೆ ಜಿಗಿತಗಳು 30. ಏಕೆಂದರೆ 14 ಬೇಲಿಗಳನ್ನು ಎರಡು ಸಲ ಹಾರಬೇಕು, ಕೊನೆಯ ಎರಡನ್ನು ಮೊದಲ ಸುತ್ತಿನಲ್ಲಿ ಮಾತ್ರ. ಮೈದಾನದ ನಡುವೆ ಮೆಲ್ಲಿಂಗ್ ರಸ್ತೆ ಹಾದುಹೋಗುತ್ತದೆ. ಕುದುರೆಗಳು ಅದನ್ನು ದಾಟಿ ಸಾಲು ಬೇಲಿಗಳನ್ನು ಹಾರುತ್ತಾ ಆರನೆಯದಕ್ಕೆ ಬರುತ್ತವೆ. ಅದು ಬೀಚರ್ಸ್ ಬ್ರೂಕ್. 1839ರಲ್ಲಿ ಕ್ಯಾಪ್ಟನ್ ಮಾರ್ಟಿನ್ ಬೀಚರ್ ಇಲ್ಲಿನ ತೊರೆಗೆ ಬಿದ್ದು, ಮೇಲಿಂದ ಉಳಿದ ಕುದುರೆಗಳು ಹಾರಿಹೋಗುವವರೆಗೆ ನೀರಲ್ಲೇ ಮುದುಡಿ ಕೂತಿದ್ದ. ಬಿದ್ದವನ ಹೆಸರು ಬೇಲಿಗೆ ಉಳಿಯಿತು. ಇದರ ಕಷ್ಟ ಎತ್ತರದಲ್ಲಿಲ್ಲ, ಇಳಿತದಲ್ಲಿದೆ. ಹಾರುವ ಬದಿಗಿಂತ ಇಳಿಯುವ ಬದಿ ತಗ್ಗು. ಬೇಲಿಯ ಈಚೆ ಇರುವ ಕುದುರೆಗೆ ಅದು ಕಾಣುವುದೇ ಇಲ್ಲ. ಗಾಳಿಯಲ್ಲಿದ್ದಾಗ ಗೊತ್ತಾಗುತ್ತದೆ, ಆಗ ಮುಂಗಾಲಿನ ಮೇಲೆ ಇಡೀ ಭಾರ ಬೀಳುತ್ತದೆ.

ಏಳನೆಯದು ಸಣ್ಣ ಬೇಲಿ, ಆದರೆ 1967ರಲ್ಲಿ ಎರಡನೇ ಸುತ್ತಿಗೆ ಅಲ್ಲೇ ಗೊಂದಲವಾಯಿತು. ಸವಾರನಿಲ್ಲದ ಒಂದು ಕುದುರೆ ಅಡ್ಡ ಓಡಿ, ಮುಂದಿದ್ದವು ಒಂದರ ಮೇಲೊಂದು ಬಿದ್ದವು. ಬಹಳ ಹಿಂದೆ ಉಳಿದಿದ್ದ ಫಾಯ್ನವನ್ ಎಂಬ ಕುದುರೆ ಸಂದಿನಲ್ಲಿ ದಾಟಿ ಗೆದ್ದುಬಿಟ್ಟಿತು. ಅದರ ಬಾಜಿ ದರ ಒಂದಕ್ಕೆ ನೂರು. ಈಗ ಬೇಲಿಗೂ ಅದೇ ಹೆಸರು. ಎಂಟನೆಯದನ್ನು ಹಾರಿದ ತಕ್ಷಣ ಎಡಕ್ಕೆ 90 ಡಿಗ್ರಿ ತಿರುಗಬೇಕು, ಎದುರಿಗೆ ಕಾಲುವೆ. ಆಮೇಲೆ ಕಾಲುವೆಯ ಪಕ್ಕದಲ್ಲೇ ಓಡಿ, ರಸ್ತೆ ದಾಟಿ ಹಿಂದಿರುಗಿದರೆ ಹದಿನೈದನೆಯದು ‘ಚೇರ್’. ಎತ್ತರ 5 ಅಡಿ 2 ಇಂಚು, ಮುಂದೆ ಹಳ್ಳ. ನಮ್ಮ ಕ್ಲಾಸಿನ ಅರ್ಧ ಜನರಷ್ಟು ಎತ್ತರ! ಮೂವತ್ತೂ ಮುಗಿದ ಮೇಲೆ ಗೆಲುವಿನ ಕಂಬದವರೆಗೆ ಇನ್ನೂ 494 ಗಜ ಬಾಕಿ. ದಣಿದ ಕುದುರೆಗೆ ಅದೇ ಹೆಚ್ಚು ಕ್ರೂರ ಎಂದು ನನಗನ್ನಿಸುತ್ತದೆ. ಸಾಲದ್ದಕ್ಕೆ ಇದು ಹ್ಯಾಂಡಿಕ್ಯಾಪ್ ಓಟ: ಚೆನ್ನಾಗಿ ಓಡುವ ಕುದುರೆಗೆ ಹೆಚ್ಚು ತೂಕ ಹೊರಿಸಿ ಎಲ್ಲವನ್ನೂ ಸಮ ಮಾಡುತ್ತಾರೆ. ಸಮವಾದಷ್ಟೂ ಫಲಿತಾಂಶ ಊಹಿಸುವುದು ಕಷ್ಟ, ಬಾಜಿ ಜೋರು.

ಲೆಕ್ಕಶಾಸ್ತ್ರದಲ್ಲಿ ಜಾನುವಾರುಗಳ ಸವಕಳಿಯನ್ನು ಮರುಮೌಲ್ಯಮಾಪನ ವಿಧಾನದಲ್ಲಿ ಹಾಕುತ್ತಾರೆ: ವರ್ಷದ ಕೊನೆಗೆ ಬೆಲೆ ಎಷ್ಟು ಇಳಿದಿದೆಯೋ ಅಷ್ಟು ನಷ್ಟ. ಸತ್ತರೆ ಪೂರ್ತಿ ನಷ್ಟ, ಒಂದು ಸಾಲಿನ ನಮೂದು. ಏಂಟ್ರಿಯ ನೆಲದಲ್ಲಿ ಆ ನಮೂದುಗಳು ಬೇರೆ ರೀತಿಯಲ್ಲಿ ಕಾಣುತ್ತವೆ. 1989ರಲ್ಲಿ ಬೀಚರ್ಸ್ ಬ್ರೂಕ್‌ನಲ್ಲಿ ಎರಡು ಕುದುರೆಗಳು ಸತ್ತವು. ಆಮೇಲೆ ತೊರೆಯನ್ನು ಬಹುಮಟ್ಟಿಗೆ ತುಂಬಿಸಿ ಇಳಿತವನ್ನು ತಗ್ಗಿಸಿದರು. 2011ರಲ್ಲಿ ಎರಡು ಸತ್ತವು, ಇಳಿತ ಮತ್ತೆ ಕಡಿಮೆಯಾಯಿತು. 2012ರಲ್ಲಿ ಮತ್ತೆ ಎರಡು, ಅದರಲ್ಲೊಂದು ಕೆಲವೇ ವಾರಗಳ ಹಿಂದೆ ಚೆಲ್ಟನ್‌ಹ್ಯಾಮ್ ಗೋಲ್ಡ್ ಕಪ್ ಗೆದ್ದಿದ್ದ ಸಿಂಕ್ರನೈಸ್ಡ್. 2013ರ ಓಟಕ್ಕೆ ಬೇಲಿಗಳ ಹೊಟ್ಟೆಯೊಳಗಿನ ಮರದ ಗೂಟಗಳನ್ನು ತೆಗೆದು ಬಾಗುವ ಪ್ಲಾಸ್ಟಿಕ್ ಕಡ್ಡಿಗಳನ್ನು ಹಾಕಿದರು. ಹೊರಗೆ ಮೊದಲಿನಂತೆಯೇ ಸ್ಪ್ರೂಸ್ ಮರದ ಹಸಿರು ಸೊಪ್ಪು. 2024ರಿಂದ ಓಡುವ ಕುದುರೆಗಳ ಸಂಖ್ಯೆ 40ರಿಂದ 34ಕ್ಕೆ ಇಳಿಯಿತು, ಮೊದಲ ಬೇಲಿಯನ್ನು 60 ಗಜ ಹತ್ತಿರ ತಂದರು. ಕಾರಣ ಸರಳ: ದೂರ ಹೆಚ್ಚಿದ್ದರೆ ವೇಗವೂ ಹೆಚ್ಚಿ ಮೊದಲ ಬೇಲಿಗೇ ಮುಗ್ಗರಿಸುತ್ತವೆ.

ಇವೆಲ್ಲ ಬಿದ್ದ ಮೇಲೆ ಮಾಡಿದ ತಿದ್ದುಪಡಿಗಳು. ನನಗೆ ಹೆಚ್ಚು ಇಷ್ಟವಾದದ್ದು ಬೇರೆಯದು. ಬ್ರಿಟನ್ನಿನ ಜಿಗಿತದ ಮೈದಾನಗಳಲ್ಲಿ ಬೇಲಿಯ ಬುಡದ ಹಲಗೆಗೆ ಕಿತ್ತಳೆ ಬಣ್ಣ ಬಳಿಯುತ್ತಿದ್ದರು, ಎದ್ದು ಕಾಣಲಿ ಎಂದು. ಎಕ್ಸೆಟರ್ ವಿಶ್ವವಿದ್ಯಾಲಯದವರು ಪರೀಕ್ಷಿಸಿದಾಗ ಗೊತ್ತಾದದ್ದು, ಅದು ಎದ್ದು ಕಾಣುವುದು ನಮ್ಮ ಕಣ್ಣಿಗೆ. ಕುದುರೆಯ ಕಣ್ಣಿಗೆ ಕಿತ್ತಳೆಯೂ ಹುಲ್ಲಿನ ಹಸಿರೂ ಹೆಚ್ಚುಕಮ್ಮಿ ಒಂದೇ. ಕುದುರೆಯ ಕಣ್ಣಿಗೆ ಬಿಳಿ ಚೆನ್ನಾಗಿ ಕಾಣುತ್ತದೆ. 2022ರಲ್ಲಿ ಬಿಳಿಗೆ ಬದಲಾಯಿಸುವ ತೀರ್ಮಾನವಾಯಿತು. ಹಾರುವವನ ಕಣ್ಣಿಂದ ಬೇಲಿಯನ್ನು ನೋಡಲು ಇಷ್ಟು ವರ್ಷ!

ಇನ್ನು ನಮ್ಮ ಕಡೆಗೆ ಬರೋಣ. ಕುದುರೆ ನಮ್ಮ ಕರಾವಳಿಗೆ ಹೊಸದಲ್ಲ. ವಿಜಯನಗರದ ಕಾಲದಲ್ಲಿ ಅರೇಬಿಯಾ, ಹೋರ್ಮುಜ್ ಕಡೆಯ ಕುದುರೆಗಳು ಹಡಗಿನಲ್ಲಿ ಭಟ್ಕಳಕ್ಕೆ ಇಳಿಯುತ್ತಿದ್ದವು. ಹತ್ತೊಂಬತ್ತನೇ ಶತಮಾನದಲ್ಲಿ ಇರಾನಿನ ಶಿರಾಜ್‌ನಿಂದ ಕುದುರೆ ವ್ಯಾಪಾರಕ್ಕೆಂದು ಬೆಂಗಳೂರಿಗೆ ಬಂದ ಆಗಾ ಅಲಿ ಅಸ್ಕರ್ ಅವರ ಹೆಸರಿನ ರಸ್ತೆ ಇಂದಿಗೂ ಅಲ್ಲಿದೆ; ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗ. ರೇಸ್ ಬಾಜಿಯ ಮೇಲೆ 2025ರ ಸೆಪ್ಟೆಂಬರ್ 22ರಿಂದ 40% ಜಿಎಸ್‌ಟಿ ಇದೆ, ಪರೀಕ್ಷೆಗೆ ಬಂದರೂ ಬರಬಹುದು.

ಸ್ಟೀಪಲ್‌ಚೇಸ್‌ನ ಹತ್ತಿರದ ಬಂಧು ಒಂದಿದೆ, ಅದರಲ್ಲಿ ಬೆಂಗಳೂರಿನ ಹುಡುಗ ಹೆಸರು ಮಾಡಿದ್ದಾರೆ. ಅದು ಈವೆಂಟಿಂಗ್. ಕುದುರೆಯ ಶಿಸ್ತಿನ ನಡಿಗೆ, ಕಾಡುಮೇಡಿನ ಜಿಗಿತ, ಅಂಗಳದ ಜಿಗಿತ ಎಂದು ಮೂರು ಪರೀಕ್ಷೆ. ಹಿಂದೆ ಒಲಿಂಪಿಕ್ಸ್‌ನಲ್ಲಿ ಇದರೊಳಗೇ ಸ್ಟೀಪಲ್‌ಚೇಸ್ ಭಾಗವೂ ಇತ್ತು. 2004ರ ಅಥೆನ್ಸ್‌ನಿಂದ ಅದನ್ನು ಕೈಬಿಟ್ಟರು. ಫವಾದ್ ಮಿರ್ಜಾ 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಸೀನ್ಯೋರ್ ಮೆಡಿಕಾಟ್ ಎಂಬ ಕುದುರೆಯ ಮೇಲೆ ವೈಯಕ್ತಿಕ ಬೆಳ್ಳಿ ಗೆದ್ದರು, ತಂಡಕ್ಕೂ ಬೆಳ್ಳಿ ಬಂತು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅದೇ ಕುದುರೆಯೊಂದಿಗೆ ಅಂತಿಮ ಸುತ್ತು ತಲುಪಿ 23ನೇ ಸ್ಥಾನ ಪಡೆದರು. ಅಲ್ಲಿ ಬಾಜಿ ಲೆಕ್ಕದ ತೂಕ ಹೊರಿಸುವುದಿಲ್ಲ, ಒಂದೊಂದೇ ಕುದುರೆ ಓಡುತ್ತದೆ. ಕಾಡುಮೇಡಿನ ಹಾದಿಯ ಕೆಲವು ಮರದ ದಿಮ್ಮಿಗಳನ್ನು ಒಂದು ಪಿನ್ನಿನ ಮೇಲೆ ನಿಲ್ಲಿಸಿರುತ್ತಾರೆ. ಕುದುರೆಯ ಕಾಲು ಜೋರಾಗಿ ಬಡಿದರೆ ಪಿನ್ ಮುರಿದು ದಿಮ್ಮಿ ಕೆಳಗೆ ಬೀಳುತ್ತದೆ. ಸವಾರನಿಗೆ 11 ಅಂಕ ದಂಡ. ಕುದುರೆ ಮುಗ್ಗರಿಸಿ ಮಗುಚಿ ಬೀಳುವ ಅಪಾಯ ಕಡಿಮೆ.