ಸೈನ್ಸ್ ಡಿಗ್ರಿ ಇಲ್ಲದೆ ಪೇಟೆಂಟ್ ಲಾಯರ್ ಆಗಬಹುದಾ?

ಪ್ರಾಜೆಕ್ಟ್ ಮುಗಿದ ಕೂಡಲೇ "ಇದಕ್ಕೆ ಪೇಟೆಂಟ್ ಹಾಕೋಣ" ಅನ್ನೋ ಮಾತು ನಮ್ಮಲ್ಲಿ ಬಂದೇ ಬರುತ್ತೆ. ಬಿ.ಕಾಂ. ಓದುತ್ತಿರುವ ನಿಮ್ಮ ತಂಗಿಯೋ ಗೆಳೆಯನೋ "ನಾನೂ ಈ ಫೀಲ್ಡಿಗೆ ಬರಬಹುದಾ?" ಅಂತ ಕೇಳಿದರೆ ಏನು ಹೇಳ್ತೀರಿ? "ಆಗಲ್ಲ" ಅನ್ನೋದು ಅರ್ಧ ಮಾತ್ರ ಸರಿ. ಯಾಕಂದ್ರೆ ಇಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ.

ಮೊದಲನೆಯದು: ಪೇಟೆಂಟ್ ಏಜೆಂಟ್

ಇವರು ಅರ್ಜಿ ಬರೆದು, ಪೇಟೆಂಟ್ ಕಚೇರಿಗೆ ಸಲ್ಲಿಸಿ, ಅಲ್ಲಿಂದ ಬರುವ ಆಕ್ಷೇಪಣೆಗಳಿಗೆ ಉತ್ತರ ಕೊಡುತ್ತಾರೆ. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಗೆ ಹೋಗುತ್ತವೆ. 1970ರ ಪೇಟೆಂಟ್ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಏಜೆಂಟ್ ಆಗಲು ಭಾರತದ ಪ್ರಜೆಯಾಗಿರಬೇಕು, 21 ವರ್ಷ ತುಂಬಿರಬೇಕು, ವಿಜ್ಞಾನ, ಇಂಜಿನಿಯರಿಂಗ್ ಅಥವಾ ತಂತ್ರಜ್ಞಾನದ ಪದವಿ ಇರಬೇಕು. ಜೊತೆಗೆ ಅರ್ಹತಾ ಪರೀಕ್ಷೆ ಪಾಸ್ ಮಾಡಬೇಕು. ಎಲ್‌ಎಲ್‌ಬಿ ಬೇಕಾಗಿಲ್ಲ. ಅಂದ್ರೆ ಬಿ.ಇ. ಮುಗಿಸಿದ ನಾವು ನೇರವಾಗಿ ಪರೀಕ್ಷೆ ಬರೆಯಬಹುದು, ಬರೀ ಬಿ.ಕಾಂ. ಆದವರು ಬರೆಯೋ ಹಾಗಿಲ್ಲ.

ಈ ನಿಯಮ ಯಾಕೆ? ಒಂದು ಉದಾಹರಣೆ ನೋಡಿ. ನಿಮ್ಮ ಯಂತ್ರದಲ್ಲಿ ಒಂದು ಭಾಗವನ್ನು ವಾಪಸ್ ತಳ್ಳೋಕೆ ಸ್ಟೀಲ್ ಸ್ಪ್ರಿಂಗ್ ಇದೆ ಅಂದುಕೊಳ್ಳಿ. ಕ್ಲೇಮ್‌ನಲ್ಲಿ "ಸ್ಟೀಲ್ ಸ್ಪ್ರಿಂಗ್" ಅಂತಲೇ ಬರೆದರೆ, ಎದುರಾಳಿ ರಬ್ಬರ್ ಹಾಕಿ ತಪ್ಪಿಸಿಕೊಳ್ಳಲು ನೋಡುತ್ತಾನೆ. "ಸ್ಥಿತಿಸ್ಥಾಪಕ ಭಾಗ" ಅಂತ ಬರೆದರೆ ಎರಡೂ ಅದರೊಳಗೆ ಬರುತ್ತವೆ. ಆದರೆ ತೀರಾ ಅಗಲವಾಗಿ ಬರೆದರೆ "ಇದು ಮೊದಲೇ ಇತ್ತು" ಅಂತ ಆಕ್ಷೇಪಣೆ ಬರುತ್ತೆ. ಈ ಅಳತೆ ಸಿಗಬೇಕಾದರೆ ಯಂತ್ರ ಅರ್ಥವಾಗಿರಬೇಕು.

ಎರಡನೆಯದು: ವಕೀಲರು

ಪೇಟೆಂಟ್ ಉಲ್ಲಂಘನೆಯ ಕೇಸ್ ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗೆ ನಡೆಯಲ್ಲ. ಎದುರಾಳಿ "ಈ ಪೇಟೆಂಟನ್ನೇ ರದ್ದು ಮಾಡಿ" ಅಂತ ಪ್ರತಿದಾವೆ ಹಾಕಿದರೆ ಅದು ಹೈಕೋರ್ಟಿಗೆ ಹೋಗುತ್ತೆ. ಅಲ್ಲಿ ವಾದ ಮಾಡೋದು ವಕೀಲರು. ಅವರಿಗೆ ಕಾನೂನು ಪದವಿ, ಬಾರ್ ಕೌನ್ಸಿಲ್ ನೋಂದಣಿ ಬೇಕು. ಸೈನ್ಸ್ ಡಿಗ್ರಿ ಕೇಳುವುದಿಲ್ಲ. 132ನೇ ಸೆಕ್ಷನ್ ಪ್ರಕಾರ ಏಜೆಂಟ್ ಅಲ್ಲದ ವಕೀಲರು ಪೇಟೆಂಟ್ ಕಂಟ್ರೋಲರ್ ಮುಂದೆ ನಡೆಯುವ ವಿಚಾರಣೆಯಲ್ಲೂ ಕಕ್ಷಿದಾರರ ಪರ ಭಾಗವಹಿಸಬಹುದು. ಆದರೆ ಏಜೆಂಟ್ ಅಂತ ಅರ್ಜಿ ಬರೆದುಕೊಡೋ ವೃತ್ತಿ ಮಾಡೋ ಹಾಗಿಲ್ಲ.

ಇನ್ನೊಂದು ವಿಷಯ: ಸಂಶೋಧಕರು ತಮ್ಮ ಅರ್ಜಿಯನ್ನು ತಾವೇ ಬರೆದು ಹಾಕಬಹುದು. ಅದಕ್ಕೆ ಯಾವ ಡಿಗ್ರಿಯೂ ಬೇಡ.

ಹಾಗಾದರೆ ಆ ಬಿ.ಕಾಂ. ತಂಗಿಗೆ ಏನು ಹೇಳಬೇಕು? ಅರ್ಜಿ ಬರೆಯೋ ಕೆಲಸವೇ ಇಷ್ಟ ಅಂದ್ರೆ ಸೈನ್ಸ್ ಪದವಿ ತಪ್ಪಿದ್ದಲ್ಲ. ಕೋರ್ಟ್ ಇಷ್ಟ ಅಂದ್ರೆ ಮೂರು ವರ್ಷದ ಎಲ್‌ಎಲ್‌ಬಿ ಮಾಡಲಿ. ಕೇಸ್ ಬಂದಾಗ ಯಂತ್ರ ಹೇಗೆ ಕೆಲಸ ಮಾಡುತ್ತೆ ಅಂತ ವಿವರಿಸೋಕೆ ನಮ್ಮಂಥವರು ಇದ್ದೇ ಇರ್ತೀವಿ.